ಗುರುಗಳಿಗೆ ವರ್ಗವಾದರೂ ಹಾಡು ನಿಲ್ಲಬಾರದು

ಹೊರನಾಡಿನ ಕನ್ನಡ ಸಂಘಗಳಲ್ಲಿ ಸಮೂಹ ಗಾಯನದ ಕಥೆ ಬಹುತೇಕ ಒಂದೇ. ಹಾಡು ಬಲ್ಲ ಒಬ್ಬರು ಸಿಗುತ್ತಾರೆ. ಹಾರ್ಮೋನಿಯಂ ಅವರದ್ದು, ಹಾಡಿನ ಆಯ್ಕೆ ಅವರದ್ದು, ಅಭ್ಯಾಸಕ್ಕೆ ಜಾಗವೂ ಅವರ ಮನೆಯ ಹಾಲ್. ಅಕ್ಟೋಬರ್‌ನಲ್ಲಿ ಶುರುವಾದ ಅಭ್ಯಾಸ ರಾಜ್ಯೋತ್ಸವದ ವೇದಿಕೆ ಇಳಿದೊಡನೆ ಮುಗಿಯುತ್ತದೆ. ಅವರಿಗೆ ಬೇರೆ ಊರಿಗೆ ವರ್ಗವಾದರೆ ಗುಂಪೇ ಮುಗಿಯುತ್ತದೆ. ಕೆಲಸ ಕರೆದಲ್ಲಿಗೆ ಹೋಗುವ ನಮ್ಮಂಥವರ ನಡುವೆ ಇದು ಅಪರೂಪವೇನಲ್ಲ.

ಹೊಣೆ ಹಂಚಿಕೊಳ್ಳಬೇಕೆಂದರೆ ಒಬ್ಬರು ಕುರ್ಚಿ ಹಾಕುತ್ತಾರೆ, ಒಬ್ಬರು ಕಾಫಿ ತರುತ್ತಾರೆ, ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ನೆನಪಿಸುತ್ತಾರೆ. ಬೇಕಾದದ್ದೇ. ಆದರೆ ಹಾಡಿನ ಹೊಣೆ ಒಬ್ಬರ ಮೇಲೆಯೇ ಉಳಿಯುತ್ತದೆ. ಮಿಕ್ಕವರು ಗಟ್ಟಿ ದನಿಯೊಂದರ ಹಿಂದೆ ಅರ್ಧ ಅಕ್ಷರ ತಡವಾಗಿ ಸಾಗುತ್ತಾರೆ. ಸಾಫ್ಟ್‌ವೇರ್ ಕೆಲಸದಲ್ಲಿ ಒಬ್ಬನಿಗೇ ಗೊತ್ತಿರುವ ಕೋಡ್ ಎಂದರೆ ನಮಗೆ ಭಯ. ಹಾಡಿನ ವಿಷಯದಲ್ಲಿ ಮಾತ್ರ ಆ ಭಯವಿಲ್ಲ!

ನಾಡಗೀತೆಯನ್ನೇ ನೋಡಿ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಆದರೆ ಇಪ್ಪತ್ತು ಮಂದಿ ಒಂದೇ ಶ್ರುತಿಗೆ ನಿಲ್ಲುವುದು ಆದೇಶದಿಂದ ಆಗುವ ಕೆಲಸವಲ್ಲ. ಸಾಮಾನ್ಯವಾಗಿ ಗಂಡಸರಿಗೆ ಒಂದರ ಸುತ್ತಿನ ಶ್ರುತಿ ಹಿತ, ಹೆಂಗಸರಿಗೆ ಐದರದ್ದು. ಒಟ್ಟಿಗೆ ಹಾಡುವಾಗ ನಡುವಿನದೊಂದನ್ನು ಹುಡುಕಬೇಕು. ತನ್ನ ದನಿ ಎಲ್ಲಿಯವರೆಗೆ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಪ್ರತಿಯೊಬ್ಬರಿಗೂ ತಿಳಿದಿದ್ದರೆ ಮಾತ್ರ ಅದು ಸಿಕ್ಕೀತು.

ನೀಲ್ ನಾಂಗ್‌ಕಿನ್ರಿಹ್ 2001ರಲ್ಲಿ ಕಟ್ಟಿದ ಶಿಲ್ಲಾಂಗ್ ಚೇಂಬರ್ ಕಾಯರ್, 2022ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೂ ಹಾಡುತ್ತಿದೆ. ಅವರದ್ದು ವೃತ್ತಿಪರ ತಂಡ, ನಮ್ಮದು ಭಾನುವಾರದ ಗುಂಪು, ನಿಜ. ಆದರೂ ಕಲಿಸಿದವರು ಇಲ್ಲದಾಗ ಕಲಿತದ್ದು ಉಳಿಯಬೇಕೆಂಬ ಮಾತು ಇಬ್ಬರಿಗೂ ಸಲ್ಲುತ್ತದೆ.

ಮಾಡಬಹುದಾದದ್ದು ಸರಳ. ಪ್ರತಿ ಅಭ್ಯಾಸದಲ್ಲಿ ಒಂದು ಚರಣವನ್ನು ಗುರುಗಳು ಬಾಯಿ ಮುಚ್ಚಿ ಕೇಳಲಿ, ಉಳಿದವರು ಹಾಡಲಿ. ತಂಬೂರಿ ಆ್ಯಪ್ ಹಾಕಿ ಹಾಡು ಎತ್ತಿಕೊಳ್ಳುವ ಸರದಿ ಎಲ್ಲರಿಗೂ ಬರಲಿ. ಮೊಬೈಲಿನಲ್ಲಿ ಮುದ್ರಿಸಿ ಒಟ್ಟಿಗೆ ಕುಳಿತು ಕೇಳಿ. ಎಲ್ಲಿ ಜಾರಿದೆವೆಂದು ಯಾರೂ ಹೇಳಬೇಕಿಲ್ಲ. ಕನ್ನಡ ಓದಲು ಬಾರದ ನಮ್ಮ ಮಕ್ಕಳು ಸಾಹಿತ್ಯವನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಲಿಪಿಯಲ್ಲೋ ಬರೆದುಕೊಳ್ಳುತ್ತಾರೆ. ಇಂಗ್ಲಿಷ್ ಲಿಪಿಯಲ್ಲಿ ಲ, ಳ ಒಂದೇ ಆಗಿಬಿಡುತ್ತವೆ. ಅದನ್ನು ತಿದ್ದುವ ಹೊಣೆ ಸಂಘದ ಅಜ್ಜ ಅಜ್ಜಿಯರದ್ದಾಗಲಿ.

‘ಸಂತೋಷಕ್ಕೆ ಹಾಡುತ್ತೇವೆ, ಕಛೇರಿ ಮಾಡಬೇಕೇ?’ ಎನ್ನುವವರಿದ್ದಾರೆ. ಬೇಡ. ಆದರೆ ಹತ್ತು ವರ್ಷ ಅದೇ ಮೂರು ಹಾಡನ್ನು ಅದೇ ತಪ್ಪುಗಳೊಂದಿಗೆ ಹಾಡುವುದರಲ್ಲಿ ಸಂತೋಷವೂ ಸವೆಯುತ್ತದೆ. ಹೊಸಬರು ಬಂದು ನೋಡಿ ಹಿಂದಿರುಗುತ್ತಾರೆ.

ರಾಜ್ಯೋತ್ಸವ ಮುಗಿದ ಮೇಲೆ ಡಿಸೆಂಬರ್‌ನ ಒಂದು ಭಾನುವಾರಕ್ಕೂ ಅಭ್ಯಾಸ ಗೊತ್ತುಮಾಡಿ. ಹಾಡು ಎತ್ತಿಕೊಳ್ಳುವ ಮೊದಲ ಸರದಿ ಈವರೆಗೆ ಹಿಂದಿನ ಸಾಲಿನಲ್ಲಿ ನಿಂತವರಿಗೆ ಸಿಗಲಿ.