ಗಂಟಲಲ್ಲಿ ಸಿಕ್ಕಿಕೊಂಡದ್ದು

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಪುಣೆಗೆ ಮರಳಿ ಲ್ಯಾಪ್‌ಟಾಪ್ ತೆರೆದವನು ನಾನು. ಅಳಲೇ ಇಲ್ಲ. ಕೆಲವು ತಿಂಗಳ ಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಶುರುವಾಯಿತು. ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರೇ ಆಪ್ತಸಮಾಲೋಚಕಿಯ ಬಳಿ ಕಳಿಸಿದರು.

"ಹೇಗಿದ್ದೀರಿ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದಾಗಲೆಲ್ಲ ನನ್ನ ಉತ್ತರ "ಫೈನ್". ಮೂರನೇ ಭೇಟಿಯಲ್ಲಿ ಪ್ರಶ್ನೆ ಬದಲಾಯಿತು: "ಮೈಯಲ್ಲಿ ಎಲ್ಲಿ, ಏನಾಗುತ್ತಿದೆ? ನಿಮ್ಮ ಭಾಷೆಯಲ್ಲೇ ಹೇಳಿ." ತುಸು ಹೊತ್ತು ಬಿಟ್ಟು ಬಾಯಿಗೆ ಬಂದದ್ದು: "ಗಂಟಲು ಕಟ್ಟಿದೆ." ಹೇಳಿದ್ದೇ ತಡ, ಅಳು ಒತ್ತರಿಸಿ ಬಂತು. ಅವರಿಗೆ ಕನ್ನಡ ಬಾರದು, ಅರ್ಥವನ್ನೂ ಕೇಳಲಿಲ್ಲ.

ಈ ವಿಧಾನಕ್ಕೆ ಫೋಕಸಿಂಗ್ ಎನ್ನುತ್ತಾರೆ. ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಜೆಂಡ್ಲಿನ್ 1978ರಲ್ಲಿ ಇದೇ ಹೆಸರಿನ ಪುಸ್ತಕ ತಂದರು. ಮಾತಿನ ಚಿಕಿತ್ಸೆ ಹೆಚ್ಚು ಫಲಿಸುವುದು ಸರಾಗವಾಗಿ ಮಾತಾಡುವವರಿಗಲ್ಲ, ನಡುವೆ ತಡೆದು ಮೈಗೆ ಅನಿಸಿದ್ದಕ್ಕೆ ಪದ ಹುಡುಕುವವರಿಗೆ ಎಂಬುದು ಅವರು ಕಂಡುಕೊಂಡದ್ದು.

ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕರುಳು ಹಿಂಡಿದ ಹಾಗೆ: ಆ ಪದಗಳು ನಮ್ಮಲ್ಲಿ ಮೊದಲೇ ಇವೆ. ಊರು ಬಿಟ್ಟವರಿಗೆ ಕೇಳುವ ಕಿವಿ ಸಿಗುವುದು ಕಷ್ಟ, ಅಷ್ಟೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವೂ ಇದೆ.

ಗಂಟಲು ಈಗಲೂ ಒಮ್ಮೊಮ್ಮೆ ಕಟ್ಟುತ್ತದೆ. ಆಗ ಅಮ್ಮನಿಗೆ ಫೋನ್ ಮಾಡಿ ಅಪ್ಪನ ಮಾತು ತೆಗೆಯುತ್ತೇನೆ.