ಅಗಸಿಯ ಕಾವಲುಗಾರನ ಪ್ರಶ್ನೆ

ನಮ್ಮ ಉತ್ತರ ಕರ್ನಾಟಕದ ಅನೇಕ ಹಳೆಯ ಊರುಗಳಿಗೆ ಅಗಸಿಯಿತ್ತು. ಕತ್ತಲಾದ ಮೇಲೆ ಬಂದವರನ್ನು ಅಲ್ಲಿಯ ಕಾವಲುಗಾರನು ತಡೆದು, "ಯಾರು ನೀವು? ಎಲ್ಲಿಂದ ಬಂದಿರಿ? ಯಾರ ಮನೆಗೆ ಹೋಗಬೇಕು?" ಎಂದು ಕೇಳುತ್ತಿದ್ದನು. ಊರಿನ ಗೃಹಸ್ಥರೊಬ್ಬರು ಬಂದು, "ಇವರು ನಮ್ಮ ಬೀಗರು" ಎಂದರೆ ಬಾಗಿಲು ತೆರೆಯುತ್ತಿತ್ತು. ತಡೆದು ಕೇಳುವುದು ಕಾವಲುಗಾರನ ಕೆಲಸ. ಗುರುತಿಸಿ ಹೊಣೆ ಹೊರುವುದು ಗೃಹಸ್ಥನ ಕೆಲಸ. ಇಂದು ನಮ್ಮ ಮನೆಗಳನ್ನು ಸೇರಿರುವ ಗಣಕಯಂತ್ರಗಳಲ್ಲಿಯೂ ಇಂತಹ ಒಬ್ಬ ಕಾವಲುಗಾರನಿದ್ದಾನೆ. ಅವನ ಮಾತಿನ ಅರ್ಥ ತಿಳಿಯದೆ ಕೆಲವರು ಹೆದರುತ್ತಾರೆ. ಮತ್ತೆ ಕೆಲವರು ಬೇಸತ್ತು ಅವನನ್ನೇ ಕೆಲಸದಿಂದ ತೆಗೆದುಹಾಕುತ್ತಾರೆ. ಈ ಎರಡೂ ಸರಿಯಲ್ಲವೆಂಬುದನ್ನು ಈ ತಿಂಗಳು ಓದುಗ ಬಂಧುಗಳಲ್ಲಿ ನಿವೇದಿಸಬೇಕೆಂದಿದ್ದೇನೆ.

ನಮ್ಮ ನೆರೆಮನೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಅವರ ತಾಯಿಯವರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳನ್ನು ಅವರು ಬಹಳ ಹಿಂದೆಯೇ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರು. ತಾಯಿಯವರು ಈಗಿಲ್ಲ. ಉಳಿದಿರುವುದು ಆರು ಕ್ಯಾಸೆಟ್ಟುಗಳು ಮಾತ್ರ. ಅವುಗಳ ಟೇಪು ಕೂಡ ಸವೆದಿದೆ. ಮಗಳು ಕೊಟ್ಟ ಮ್ಯಾಕ್ ಗಣಕಯಂತ್ರದಲ್ಲಿ ಆ ಧ್ವನಿಯನ್ನು ಸೇರಿಸಿಕೊಂಡು, ಅದರೊಳಗಿನ ಗರಗರ ಸದ್ದನ್ನು ತೆಗೆಯಬೇಕೆಂದು ಅವರು ಅಂತರ್ಜಾಲದಿಂದ ಒಂದು ಸಣ್ಣ ತಂತ್ರಾಂಶವನ್ನು ಇಳಿಸಿಕೊಂಡರು. ತೆರೆಯಲು ಹೋದರೆ ಯಂತ್ರ ಒಪ್ಪಲಿಲ್ಲ. ಈ ತಂತ್ರಾಂಶದಲ್ಲಿ ಕೆಡುಕೇನೂ ಇಲ್ಲವೆಂಬುದನ್ನು ಆ್ಯಪಲ್ ಸಂಸ್ಥೆಗೆ ಪರಿಶೀಲಿಸಲಾಗಲಿಲ್ಲ ಎಂಬರ್ಥದ ಒಂದು ಸೂಚನೆ ತೆರೆಯ ಮೇಲೆ ಮೂಡಿತು. ಅದರ ಕೆಳಗೆ 'ಡನ್' ಮತ್ತು 'ಮೂವ್ ಟು ಟ್ರ್ಯಾಶ್' ಎಂಬ ಎರಡೇ ಗುಂಡಿಗಳಿದ್ದವು. ತೆರೆಯುವ ಗುಂಡಿಯೇ ಇರಲಿಲ್ಲ.

ಪುಣೆಯಲ್ಲಿರುವ ಮೊಮ್ಮಗನಿಗೆ ದೂರವಾಣಿ ಮಾಡಿದರು. "ಅಜ್ಜಾ, ಆ ಕಾವಲನ್ನೇ ಪೂರ್ತಿ ಬಂದ್ ಮಾಡಿಬಿಡು. ಒಂದು ಸಾಲು ಹೇಳ್ತೀನಿ, ಟೈಪ್ ಮಾಡು" ಎಂದನಂತೆ. ಶಿಕ್ಷಕರಿಗೆ ಮನಸ್ಸು ಒಪ್ಪಲಿಲ್ಲ. ಸಂಜೆ ನಮ್ಮ ಪಡಸಾಲೆಗೆ ಬಂದು, "ಏನ್ರೀ, ಒಬ್ಬರನ್ನ ಒಳಗ ಕರಕೊಳ್ಳಾಕ ಅಗಸಿ ಬಾಗಲಾನ ಕಿತ್ತು ಹಾಕೂದೇನ್ರೀ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿಯೇ ಉತ್ತರವೂ ಇತ್ತು.

ಮ್ಯಾಕ್ ಯಂತ್ರದ ಈ ಕಾವಲಿಗೆ 'ಗೇಟ್‌ಕೀಪರ್' ಎಂದೇ ಹೆಸರು. ಬಾಗಿಲು ಕಾಯುವವನು ಎಂದರ್ಥ. ಇದು 2012ರಲ್ಲಿ ಬಳಕೆಗೆ ಬಂದಿತು. ಅಂತರ್ಜಾಲದಿಂದ ಕಡತವೊಂದು ಇಳಿದು ಬಂದಾಗ ಬ್ರೌಸರ್ ಅದಕ್ಕೆ, 'ಇದು ಹೊರಗಿನಿಂದ ಬಂದದ್ದು' ಎಂಬ ಕಣ್ಣಿಗೆ ಕಾಣದ ಚೀಟಿಯೊಂದನ್ನು ಅಂಟಿಸುತ್ತದೆ. ತಂತ್ರಾಂಶವನ್ನು ಮೊದಲ ಸಲ ತೆರೆಯುವಾಗ ಕಾವಲುಗಾರನು ಆ ಚೀಟಿಯನ್ನು ಕಂಡು ಎರಡು ಸಂಗತಿಗಳನ್ನು ವಿಚಾರಿಸುತ್ತಾನೆ. ತಯಾರಕನು ತನ್ನ ಡಿಜಿಟಲ್ ರುಜು ಹಾಕಿದ್ದಾನೆಯೇ ಎಂಬುದು ಮೊದಲನೆಯದು. ತಂತ್ರಾಂಶವನ್ನು ಆ್ಯಪಲ್ ಸಂಸ್ಥೆಗೆ ಕಳುಹಿಸಿ ತಪಾಸಣೆ ಮಾಡಿಸಿದ್ದಾನೆಯೇ ಎಂಬುದು ಎರಡನೆಯದು. ಈ ತಪಾಸಣೆಯನ್ನು 'ನೋಟರೈಸೇಷನ್' ಎನ್ನುತ್ತಾರೆ. 2019ರಲ್ಲಿ ಬಂದ ಕ್ಯಾಟಲೀನಾ ಆವೃತ್ತಿಯಿಂದ ಕಾವಲುಗಾರನು ಇದನ್ನೂ ಕೇಳತೊಡಗಿದನು.

ಇವುಗಳಿಗಾಗಿ ತಯಾರಕನು ವರ್ಷಕ್ಕೆ 99 ಡಾಲರ್ ತೆತ್ತು ಸದಸ್ಯನಾಗಬೇಕು. ತನ್ನ ಬಿಡುವಿನ ವೇಳೆಯಲ್ಲಿ ತಂತ್ರಾಂಶ ಬರೆದು ಉಚಿತವಾಗಿ ಹಂಚುವ ಸಜ್ಜನನೊಬ್ಬನು ಈ ಹಣ ಕೊಡದೆ ಇರಬಹುದು. ಆಗ ಕಾವಲುಗಾರನು ಅವನನ್ನೂ ತಡೆಯುತ್ತಾನೆ. ಆದುದರಿಂದ 'ಪರಿಶೀಲಿಸಲಾಗಲಿಲ್ಲ' ಎಂದರೆ 'ಇವನು ಕಳ್ಳ' ಎಂದು ತಿಳಿಯಬಾರದು. 'ಇವನ ಪರಿಚಯ ನನಗಿಲ್ಲ, ನಿಮಗಿದೆಯೇ?' ಎಂದಷ್ಟೇ ತಿಳಿಯಬೇಕು.

ಆದರೆ ಎಲ್ಲ ಸೂಚನೆಗಳೂ ಒಂದೇ ಅಲ್ಲ. 'ಇದು ನಿಮ್ಮ ಗಣಕಯಂತ್ರಕ್ಕೆ ಹಾನಿ ಮಾಡುತ್ತದೆ' ಎಂದು ಯಂತ್ರ ಸ್ಪಷ್ಟವಾಗಿ ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು, ಕಡತವನ್ನು ಅಳಿಸಿಬಿಡಬೇಕು. 'ಕಡತ ಕೆಟ್ಟಿದೆ, ತೆರೆಯಲಾಗದು' ಎಂದರೆ ತಯಾರಕನ ಸ್ವಂತ ತಾಣದಿಂದ ಮತ್ತೊಮ್ಮೆ ಇಳಿಸಿ ನೋಡಬೇಕು. ಆಗಲೂ ಅದೇ ಮಾತಾದರೆ ಬಲವಂತ ಮಾಡದೆ ತಯಾರಕನನ್ನೇ ವಿಚಾರಿಸಬೇಕು. 'ಪರಿಶೀಲಿಸಲಾಗಲಿಲ್ಲ' ಎಂಬ ಸೂಚನೆಯೊಂದರಲ್ಲಿ ಮಾತ್ರ ತೀರ್ಮಾನ ಗೃಹಸ್ಥನದು.

ನಾವಿಬ್ಬರೂ ಮೊದಲು ವಿಚಾರಿಸಿದ್ದು ಆ ತಂತ್ರಾಂಶ ಎಲ್ಲಿಂದ ಬಂದಿತು ಎಂಬುದನ್ನು. ಶಿಕ್ಷಕರು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಕಂಡ ಕೊಂಡಿಯನ್ನು ಒತ್ತಿದ್ದರು. ಅದು ಜಾಹೀರಾತು. ಆ ತಾಣಕ್ಕೂ ತಯಾರಕನಿಗೂ ಸಂಬಂಧವೇ ಇರಲಿಲ್ಲ. ಹತ್ತಾರು ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಯಾರದೋ ಅಂಗಡಿಯದು. ಬೀಗರ ಹೆಸರು ಹೇಳಿಕೊಂಡು ಬೇರೆ ಯಾರೋ ಅಗಸಿಗೆ ಬಂದಂತಾಗಿತ್ತು. ಮೊಮ್ಮಗನ ಮಾತಿನಂತೆ ಕಾವಲು ತೆಗೆದಿದ್ದರೆ ಆ ಅಪರಿಚಿತನು ನೇರವಾಗಿ ಒಳಗೆ ಬರುತ್ತಿದ್ದನು. ಆ ಕಡತವನ್ನು ಅಳಿಸಿದೆವು. ಬಳಿಕ ತಯಾರಕನ ಸ್ವಂತ ತಾಣವನ್ನು ಹುಡುಕಿ ತೆಗೆದೆವು. ತಾನು ವಾರ್ಷಿಕ ಶುಲ್ಕ ಕೊಟ್ಟಿಲ್ಲವೆಂದೂ, ಹಾಗಾಗಿ ಮ್ಯಾಕ್ ಯಂತ್ರವು ತಡೆಯುವುದೆಂದೂ ಆತನೇ ಅಲ್ಲಿ ಬರೆದಿದ್ದನು. ಅದರೊಡನೆ ಕಡತದ ಗುರುತಾಗಿ 64 ಅಕ್ಷರ-ಅಂಕಿಗಳ ಒಂದು ಸಾಲನ್ನೂ ಕೊಟ್ಟಿದ್ದನು. ಇದಕ್ಕೆ 'ಎಸ್‌ಎಚ್‌ಎ-256 ಚೆಕ್‌ಸಮ್' ಎನ್ನುತ್ತಾರೆ. ಕಡತದಲ್ಲಿ ಒಂದಕ್ಷರ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ನಮ್ಮ ಯಂತ್ರದಲ್ಲಿ ಲೆಕ್ಕ ಹಾಕಿ ನೋಡಿದಾಗ ಎರಡೂ ಹೊಂದಿದವು.

ಈ ಶ್ರಮ ವ್ಯರ್ಥವೆಂದು ಯಾರೂ ಭಾವಿಸಬಾರದು. 2017ರ ಮೇ ತಿಂಗಳಿನಲ್ಲಿ 'ಹ್ಯಾಂಡ್‌ಬ್ರೇಕ್' ಎಂಬ ಜನಪ್ರಿಯ ವಿಡಿಯೋ ತಂತ್ರಾಂಶವನ್ನು ಹಂಚುವ ಸರ್ವರುಗಳಲ್ಲಿ ಒಂದಕ್ಕೆ ದುಷ್ಟರು ನುಗ್ಗಿ, ಮ್ಯಾಕ್ ಬಳಕೆದಾರರ ಕಡತವನ್ನು ಬದಲಿಸಿ ಬೇಹುಗಾರ ತಂತ್ರಾಂಶವನ್ನು ಇಟ್ಟಿದ್ದರು. ಕೆಲವು ದಿನಗಳ ಕಾಲ ಅದೇ ಹಂಚಿಕೆಯಾಯಿತು. ಚೆಕ್‌ಸಮ್ ಹೋಲಿಸಿ ನೋಡಿದವರಿಗೆ ಮೋಸ ತಿಳಿಯುತ್ತಿತ್ತು.

ಕಾವಲುಗಾರನು ಒಪ್ಪಿದ ಮಾತ್ರಕ್ಕೆ ನಿಶ್ಚಿಂತೆಯಿಂದಿರಲೂ ಆಗದು. 2016ರ ಮಾರ್ಚ್ ತಿಂಗಳಿನಲ್ಲಿ 'ಟ್ರಾನ್ಸ್‌ಮಿಷನ್' ಎಂಬ ತಂತ್ರಾಂಶದ 2.90ನೆಯ ಆವೃತ್ತಿಯೊಳಗೆ 'ಕೀರೇಂಜರ್' ಎಂಬ ಕೇಡು ಸೇರಿಕೊಂಡಿತು. ಅದರ ಮೇಲೆ ಅಂಗೀಕೃತವಾದ ರುಜುವೇ ಇದ್ದುದರಿಂದ ಗೇಟ್‌ಕೀಪರ್ ಅದನ್ನು ತಡೆಯಲಿಲ್ಲ. ಅದು ಮೂರು ದಿನ ಸುಮ್ಮನಿದ್ದು, ಆಮೇಲೆ ಕಡತಗಳಿಗೆ ಬೀಗ ಜಡಿದು, ಬಿಡಿಸಲು ಒಂದು ಬಿಟ್‌ಕಾಯಿನ್ ಕೇಳುತ್ತಿತ್ತು. ಸಂಗತಿ ತಿಳಿದೊಡನೆ ಆ್ಯಪಲ್ ಸಂಸ್ಥೆಯು ಆ ರುಜುವನ್ನು ರದ್ದುಪಡಿಸಿತು. ಶಿಕ್ಷಕರ ಯಂತ್ರಕ್ಕೆ ಇಂತಹದೊಂದು ಹೊಕ್ಕಿದ್ದರೆ ತಾಯಿಯ ಹಾಡುಗಳಿಗೂ ಬೀಗ ಬೀಳುತ್ತಿತ್ತಲ್ಲವೇ? ಆದುದರಿಂದ ಬೆಲೆಯುಳ್ಳ ಕಡತಗಳ ಇನ್ನೊಂದು ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ಇರಿಸಿ, ಅದನ್ನು ಯಂತ್ರದಿಂದ ಕಳಚಿ ಕಪಾಟಿನಲ್ಲಿಡುವುದು ಜಾಣತನ. ನಾವು ಮೊದಲು ಆ ಕೆಲಸ ಮಾಡಿದೆವು.

ಇನ್ನು ತೆರೆಯುವ ಕ್ರಮವನ್ನು ಹೇಳುತ್ತೇನೆ. ಹಿಂದೆ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು 'ಓಪನ್' ಆರಿಸಿದರೆ ಸಾಕಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ಬಂದ ಸಿಕ್ವೊಯಾ ಆವೃತ್ತಿಯಿಂದ ಆ ಒಳದಾರಿ ಮುಚ್ಚಿದೆ. ಈಗ ತಂತ್ರಾಂಶವನ್ನು ಒಮ್ಮೆ ತೆರೆಯಲು ಯತ್ನಿಸಿ, ಸೂಚನೆ ಬಂದಾಗ 'ಡನ್' ಒತ್ತಬೇಕು. ಅನಂತರ 'ಸಿಸ್ಟಮ್ ಸೆಟ್ಟಿಂಗ್ಸ್'ಗೆ ಹೋಗಿ, 'ಪ್ರೈವಸಿ ಅಂಡ್ ಸೆಕ್ಯುರಿಟಿ' ಎಂಬಲ್ಲಿ ಕೆಳಗೆ ಸರಿದರೆ ತಡೆಹಿಡಿದ ತಂತ್ರಾಂಶದ ಹೆಸರೂ 'ಓಪನ್ ಎನಿವೇ' ಎಂಬ ಗುಂಡಿಯೂ ಕಾಣುತ್ತವೆ. ಈ ಗುಂಡಿ ಸುಮಾರು ಒಂದು ಗಂಟೆ ಮಾತ್ರ ಇರುತ್ತದೆ; ಮಾಯವಾದರೆ ಮತ್ತೊಮ್ಮೆ ತೆರೆಯಲು ಯತ್ನಿಸಬೇಕು. ಅದನ್ನು ಒತ್ತಿ, ಯಂತ್ರದ ಪಾಸ್‌ವರ್ಡ್ ಕೊಟ್ಟರೆ ಆ ಒಂದು ತಂತ್ರಾಂಶಕ್ಕೆ ಮಾತ್ರ ಅಪ್ಪಣೆ ಸಿಗುತ್ತದೆ. ಮುಂದೆ ಅದು ಎಂದಿನಂತೆ ತೆರೆಯುತ್ತದೆ. ಉಳಿದವುಗಳ ಮೇಲಿನ ಕಾವಲು ಹಾಗೆಯೇ ಇರುತ್ತದೆ.

ವಿಂಡೋಸ್ ಯಂತ್ರಗಳಲ್ಲಿ ಈ ಕೆಲಸವನ್ನು 'ಸ್ಮಾರ್ಟ್‌ಸ್ಕ್ರೀನ್' ಮಾಡುತ್ತದೆ. ಕಡತ ಹೊಸದಾಗಿದ್ದು, ಹೆಚ್ಚು ಜನ ಬಳಸಿರದಿದ್ದರೆ ಅದು ಸಂದೇಹ ಪಡುತ್ತದೆ. ಅಲ್ಲಿ 'ಮೋರ್ ಇನ್ಫೋ' ಒತ್ತಿದರೆ ತಯಾರಕನ ಹೆಸರು ಕಾಣುತ್ತದೆ, 'ರನ್ ಎನಿವೇ' ಎಂಬ ಗುಂಡಿಯೂ ಬರುತ್ತದೆ. ದಾರಿ ಸುಲಭವಾಗಿರುವುದರಿಂದಲೇ ಅಲ್ಲಿ ಹೆಚ್ಚು ತಾಳ್ಮೆ ಬೇಕು.

ಮನೆಯ ತಾಯಂದಿರೂ ಹಿರಿಯರೂ ಮೊಬೈಲ್ ವಿಷಯದಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕು. 2024ರಲ್ಲಿ ಮದುವೆಯ ಆಮಂತ್ರಣವೆಂಬ ಸೋಗಿನಲ್ಲಿ ಎಪಿಕೆ ಕಡತಗಳು ವಾಟ್ಸ್‌ಆ್ಯಪ್ ಮೂಲಕ ಬರುತ್ತಿರುವುದಾಗಿ ಪೊಲೀಸರು ಎಚ್ಚರಿಕೆ ಕೊಟ್ಟಿದ್ದರು. ಲಗ್ನಪತ್ರಿಕೆಯು ಚಿತ್ರವಾಗಿಯೋ ಓದುವ ಕಡತವಾಗಿಯೋ ಬರುತ್ತದೆ. ಮೊಬೈಲಿನಲ್ಲಿ ಸ್ಥಾಪಿಸಿಕೊಳ್ಳಬೇಕಾದ ತಂತ್ರಾಂಶವಾಗಿ ಬರುವುದಿಲ್ಲ. ಅಂತಹದನ್ನು ಮೊಬೈಲ್ ತಡೆದರೆ ಅನುಮತಿ ಕೊಡಲೇಬಾರದು. ಒಂದು ವೇಳೆ ಹಣ ಹೋದರೆ ತಡಮಾಡದೆ 1930 ಸಂಖ್ಯೆಯ ಸಹಾಯವಾಣಿಗೆ ತಿಳಿಸಬೇಕು.

ಆ ರಾತ್ರಿ ಶಿಕ್ಷಕರ ಮನೆಯಲ್ಲಿ ಮೊದಲ ಕ್ಯಾಸೆಟ್ಟಿನ ಧ್ವನಿ ತಿಳಿಯಾಯಿತು. ಬೀಸುವ ಕಲ್ಲಿನ ಸದ್ದಿನ ಮೇಲೆ ತಾಯಿಯವರ ಪದ ಸ್ಪಷ್ಟವಾಗಿ ಕೇಳಿಸಿತು. ಶಿಕ್ಷಕರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಪುಣೆಗೆ ದೂರವಾಣಿ ಮಾಡಿ ಮೊಮ್ಮಗನಿಗೂ ಕೇಳಿಸಿದರು. "ಕಾವಲು ಬಂದ್ ಮಾಡಿದ್ಯಾ ಅಜ್ಜಾ?" ಎಂದು ಅವನು ಕೇಳಿದನು. "ಇಲ್ಲೋ ತಮ್ಮಾ, ಬಂದವರು ಯಾರಂತ ನಾನ ಹೋಗಿ ನೋಡಿ ಕರಕೊಂಡು ಬಂದೆ" ಎಂದರು.

ಓದುಗ ಬಂಧುಗಳೇ, ನಿಮ್ಮ ಮನೆಯ ಯಂತ್ರವು ಯಾವುದನ್ನಾದರೂ ತಡೆದು ನಿಲ್ಲಿಸಿದಾಗ ಹೆದರಬೇಡಿರಿ, ಸಿಟ್ಟಾಗಲೂ ಬೇಡಿರಿ. ಎದ್ದು ಅಗಸಿಯ ತನಕ ಹೋಗಿ, ಬಂದವನ ಮುಖವನ್ನು ನೀವೇ ನೋಡಿರಿ.