ಚಿತ್ರದ ಗತಿ, ಪರದೆಯ ಗತಿ

ಇಂದಿನ ವಿದ್ಯಾಲಯಗಳಲ್ಲಿ ಕರಿಹಲಗೆಯ ಜೊತೆಗೆ ಕಂಪ್ಯೂಟರಿನ ಪರದೆಯೂ ಬೋಧನೆಯ ಸಾಧನವಾಗಿ ನೆಲೆಗೊಂಡಿದೆ. ಆ ಪರದೆಯ ಮೇಲೆ ದೃಶ್ಯವು ಸರಿಯುತ್ತಿರುವಾಗ ನಡುನಡುವೆ ಮುಗ್ಗರಿಸಿದಂತೆ ಕಂಡರೆ ಅನೇಕರು ಯಂತ್ರವನ್ನು ಹಳಿಯುತ್ತಾರೆ. ಹೆಚ್ಚು ಬೆಲೆಯದನ್ನು ಕೊಳ್ಳಬೇಕೆನ್ನುತ್ತಾರೆ. ಆದರೆ ದೋಷವಿರುವುದು ಎಷ್ಟೋ ವೇಳೆ ಯಂತ್ರದಲ್ಲಲ್ಲ, ಲೆಕ್ಕದಲ್ಲಿ.

ಚಲನಚಿತ್ರವೆಂಬುದು ಸ್ಥಿರಚಿತ್ರಗಳ ಸಾಲು. ೧೯೨೦ರ ದಶಕದ ಕೊನೆಯಲ್ಲಿ ವಾಕ್ಚಿತ್ರಗಳು ಬಂದಂದಿನಿಂದ ಸೆಕೆಂಡಿಗೆ ೨೪ ಚಿತ್ರಗಳೆಂಬುದು ಸಿನಿಮಾದ ರೂಢಿ. ಚಿತ್ರಮಂದಿರದ ಪ್ರೊಜೆಕ್ಟರು ಒಂದೊಂದು ಚಿತ್ರವನ್ನೂ ಎರಡೆರಡು ಬಾರಿ ಬೆಳಗುತ್ತಿತ್ತು; ಬೆಳಕು ೪೮ ಬಾರಿ ಮಿನುಗಿದರೂ ಪ್ರತಿ ಚಿತ್ರಕ್ಕೂ ಸಮಪಾಲು ದೊರೆಯುತ್ತಿತ್ತು. ಸಾಮಾನ್ಯ ಮಾನಿಟರಾದರೋ ಸೆಕೆಂಡಿಗೆ ೬೦ ಬಾರಿ ಪರದೆಯನ್ನು ಹೊಸದಾಗಿಸುತ್ತದೆ. ೬೦ನ್ನು ೨೪ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಆದ್ದರಿಂದ ಒಂದು ಚಿತ್ರವು ಮೂರು ಬಾರಿ, ಮರುಚಿತ್ರವು ಎರಡು ಬಾರಿ ತೋರುತ್ತದೆ. ಒಂದಕ್ಕೆ ಸೆಕೆಂಡಿನ ೧/೨೦ ಭಾಗ, ಇನ್ನೊಂದಕ್ಕೆ ೧/೩೦ ಭಾಗ. ಈ ಕುಂಟುನಡೆಯೇ ಕಣ್ಣಿಗೆ ತಡವರಿಕೆಯಾಗಿ ಕಾಣುತ್ತದೆ. ಲೋಲಕದ ಓಲಾಟವನ್ನು ಚಿತ್ರದ ಮೂಲಕ ತೋರಿಸುವ ವಿಜ್ಞಾನದ ಅಧ್ಯಾಪಕರಿಗೆ ಇದು ಅಲ್ಪ ದೋಷವೇನೂ ಅಲ್ಲ.

ಪರಿಹಾರವು ಸರಳ. ೨೪ರ ಚಿತ್ರಕ್ಕೆ ಪರದೆಯನ್ನು ೪೮, ೭೨ ಅಥವಾ ೧೨೦ ಹರ್ಟ್ಸ್‌ಗೆ, ೩೦ರ ಚಿತ್ರಕ್ಕೆ ೬೦ಕ್ಕೆ, ೨೫ರ ಚಿತ್ರಕ್ಕೆ ೫೦ಕ್ಕೆ ಅಳವಡಿಸಿದರೆ ನಡೆ ನೇರವಾಗುತ್ತದೆ. ಎಲ್ಲ ಮಾನಿಟರುಗಳಲ್ಲಿಯೂ ಈ ಎಲ್ಲ ಅನುಕೂಲಗಳಿರುವುದಿಲ್ಲ. ದಾನಿಗಳು ಪರದೆಯನ್ನು ಕೊಡುವ ಮುನ್ನ ಅದರ ಗಾತ್ರವನ್ನಷ್ಟೇ ಅಲ್ಲದೆ ಈ ಗತಿಗಳನ್ನೂ ವಿಚಾರಿಸುವುದು ಲೇಸು.

ಇದಕ್ಕಿಂತ ಗುರುತರವಾದ ಮಾತು ಇನ್ನೊಂದಿದೆ. ಭಾರತದ ದೂರದರ್ಶನವು ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ ೨೫ ಚಿತ್ರಗಳು. ಹಲವು ಶಾಲೆಗಳ ಕಪಾಟುಗಳಲ್ಲಿ ಉಳಿದಿರುವ ಹಳೆಯ ವಾರ್ಷಿಕೋತ್ಸವಗಳ ವೀಡಿಯೊ ಟೇಪುಗಳು ಬಹುಮಟ್ಟಿಗೆ ಇದೇ ಪದ್ಧತಿಯವು. ಇವನ್ನು ಕಂಪ್ಯೂಟರಿಗೆ ಇಳಿಸುವಾಗ ೩೦ರ ಗತಿಗೆ ಬದಲಾಯಿಸಿದರೆ ಐದೈದು ಚಿತ್ರಗಳಿಗೆ ಒಂದೊಂದು ಪುನರಾವೃತ್ತ ಚಿತ್ರ ಸೇರಿಕೊಂಡು, ತಡವರಿಕೆಯು ಪ್ರತಿಯಲ್ಲಿಯೇ ಶಾಶ್ವತವಾಗುತ್ತದೆ. ಪರದೆಯ ಗತಿಯನ್ನು ನಾಳೆ ತಿದ್ದಬಹುದು. ಮೂಲ ಟೇಪು ಹಾಳಾದ ಮೇಲೆ ಪ್ರತಿಯನ್ನು ತಿದ್ದುವುದು ದುಸ್ತರ.

ಆದುದರಿಂದ ಮೂಲದ ಗತಿಯನ್ನು ಕಾಯ್ದುಕೊಂಡೇ ಪ್ರತಿ ಮಾಡಿಸತಕ್ಕದ್ದು. ಗತಿಸಿದ ಗುರುಗಳ ನಡೆನುಡಿಗಳನ್ನು ಮುಂದಿನ ಪೀಳಿಗೆಯು ಇದ್ದಂತೆಯೇ ಕಾಣಬೇಕಾದರೆ ಹಣಕ್ಕಿಂತ ಮೊದಲು ಬೇಕಾದುದು ಇಷ್ಟು ಎಚ್ಚರ.